ರಾಣಿಯಲ್ಲ, ‘ರಾಜ’ ಯಾದ್ವಿಗಾ

ಪೋಲೆಂಡನ್ನು 1386ರಿಂದ 1572ರವರೆಗೆ ಆಳಿದ ಯಾಗೆಲ್ಲೋನ್ ವಂಶಕ್ಕೆ ಆ ಸಿಂಹಾಸನ ದೊರೆತದ್ದು ಒಂದು ವಿವಾಹದಿಂದ. ಆದರೆ ಆ ವಧುವಿನ ರಕ್ತ ವಂಶದ ಯಾವ ಅರಸನಲ್ಲಿಯೂ ಹರಿಯಲಿಲ್ಲ. ಆಕೆಯೇ ಯಾದ್ವಿಗಾ.

ಪೋಲೆಂಡಿನೊಡನೆ ಆಕೆಯ ನಂಟು ಅಜ್ಜಿಯ ಕಡೆಯದು. ಹಂಗೆರಿಯ ದೊರೆಯಾಗಿದ್ದ ತಂದೆ ಲೂಯಿ, ಪೋಲೆಂಡಿನ ಮಹಾ ಕಾಸಿಮಿರನ ಸೋದರಳಿಯ. 1370ರಲ್ಲಿ ಕಾಸಿಮಿರ್ ಔರಸ ಪುತ್ರರಿಲ್ಲದೆ ತೀರಿಕೊಂಡಾಗ ಕಿರೀಟ ಲೂಯಿಯ ಪಾಲಾಯಿತು. ಅವನಿಗೂ ಇದ್ದವರು ಹೆಣ್ಣುಮಕ್ಕಳೇ. ಅವರ ಉತ್ತರಾಧಿಕಾರಕ್ಕೆ ಪೋಲಿಷ್ ಕುಲೀನರ ಸಮ್ಮತಿ ಪಡೆಯಲು 1374ರಲ್ಲಿ ಕೊಶಿತ್ಸೆ ನಗರದಲ್ಲಿ ಅವನು ಒಂದು ಸನ್ನದು ನೀಡಿ, ಅವರ ಜಮೀನಿನ ಕಂದಾಯವನ್ನು ಒಂದು ಅಳತೆಗೆ ಕೇವಲ 2 ಗ್ರೋಶ್ ನಾಣ್ಯಗಳಿಗೆ ಇಳಿಸಿದ. ಕಂದಾಯದ ಕಡತಗಳನ್ನು ನೋಡಿದವರಿಗೆ ಇದರ ಭಾರ ತಿಳಿದೀತು: ಒಮ್ಮೆ ಕೊಟ್ಟ ವಿನಾಯಿತಿಯನ್ನು ಹಿಂಪಡೆಯುವುದು ಸುಲಭವಲ್ಲ. ಆಗ ಯಾದ್ವಿಗಾ ಕೈಗೂಸು.

1378ರಲ್ಲಿ, ಸುಮಾರು ನಾಲ್ಕರ ಪ್ರಾಯದಲ್ಲಿ, ಹೈನ್‌ಬುರ್ಗ್‌ನಲ್ಲಿ ಆಕೆಯನ್ನು ಹ್ಯಾಬ್ಸ್‌ಬರ್ಗ್ ಮನೆತನದ ಬಾಲಕ ವಿಲ್‌ಹೆಲ್ಮ್‌ನಿಗೆ ವಾಗ್ದಾನ ಮಾಡಲಾಯಿತು. ಒಪ್ಪಂದ ಮುರಿದರೆ ತೆರಬೇಕಾದ ದಂಡ 2,00,000 ಫ್ಲೋರಿನ್. 1382ರಲ್ಲಿ ಲೂಯಿ ಮೃತನಾದ. ಅರಸರು ತಮ್ಮ ನಾಡಿನಲ್ಲೇ ನೆಲೆಸಬೇಕೆಂದು ಪೋಲಿಷ್ ಕುಲೀನರು ಹಠ ಹಿಡಿದುದರಿಂದ ಹಿರಿಯ ಮಗಳು ಮೇರಿಗೆ ಹಂಗೆರಿ, ಕಿರಿಯಳಿಗೆ ಪೋಲೆಂಡ್ ಎಂದಾಯಿತು. 1384ರ ಅಕ್ಟೋಬರ್ 16ರಂದು ಕ್ರಾಕೋವ್‌ನಲ್ಲಿ ಹತ್ತರ ಆಸುಪಾಸಿನ ಈ ಬಾಲೆಗೆ ‘ರಾಜ’ ಎಂಬ ಬಿರುದಿನಲ್ಲಿಯೇ ಪಟ್ಟಾಭಿಷೇಕ ನಡೆಯಿತು.

ಕುಲೀನರ ದೃಷ್ಟಿ ಆಗಲೇ ಬೇರೆಡೆಗಿತ್ತು. ಟ್ಯೂಟಾನಿಕ್ ಯೋಧಸಂಘದ ಬೆದರಿಕೆಯನ್ನು ಎದುರಿಸಲು ಅವರಿಗೆ ಲಿಥುವೇನಿಯಾದ ನೆರವು ಬೇಕಿತ್ತು. ಅಲ್ಲಿನ ಮಹಾ ಪ್ರಭು ಯೊಗೈಲ ಆಕೆಗಿಂತ ಬಹಳ ಹಿರಿಯ, ಕ್ರೈಸ್ತನೂ ಅಲ್ಲ. 1385ರ ಆಗಸ್ಟ್‌ನಲ್ಲಿ ಕ್ರೆವೊದಲ್ಲಿ ಅವನು ದೀಕ್ಷಾಸ್ನಾನ ಪಡೆಯುವುದಾಗಿಯೂ ವಿಲ್‌ಹೆಲ್ಮ್‌ನ ಪರಿಹಾರಧನವನ್ನು ತಾನೇ ತೆರುವುದಾಗಿಯೂ ಮಾತು ಕೊಟ್ಟ. ಕ್ರಾಕೋವ್‌ಗೆ ಬಂದ ವಿಲ್‌ಹೆಲ್ಮ್ ಬರಿಗೈಯಲ್ಲಿ ಮರಳಿದ. ಅರಮನೆಯ ಬಾಗಿಲನ್ನು ಯಾದ್ವಿಗಾ ಕೊಡಲಿಯಿಂದ ಒಡೆಯಲು ಹೊರಟಳೆಂಬ ಕಥೆ ಐತಿಹ್ಯವಿರಬಹುದು. ಬಾಲ್ಯದ ವಾಗ್ದಾನವನ್ನು ಆಕೆ ಬಹಿರಂಗವಾಗಿ ತ್ಯಜಿಸಿದ್ದು ಮಾತ್ರ ಇತಿಹಾಸ. 1386ರ ಫೆಬ್ರುವರಿ 18ರಂದು ವಿವಾಹ ನೆರವೇರಿತು. ವಿಲ್‌ಹೆಲ್ಮ್ ಆಕೆ ಬದುಕಿರುವವರೆಗೆ ಬೇರೆ ಮದುವೆಯಾಗಲಿಲ್ಲ.

ತವರಿನ ಕಥೆ ದಾರುಣ. 1387ರಲ್ಲಿ ತಾಯಿಯನ್ನು ಸೆರೆಯಲ್ಲಿಯೇ ಕತ್ತು ಹಿಸುಕಿ ಕೊಲ್ಲಲಾಯಿತು. ಗರ್ಭಿಣಿ ಅಕ್ಕ 1395ರಲ್ಲಿ ಕುದುರೆಯಿಂದ ಬಿದ್ದು ಅಸುನೀಗಿದಳು. ಆದರೂ ಯಾದ್ವಿಗಾಳನ್ನು ಕೇವಲ ದಾಳವೆಂದು ನೋಡುವುದು ಸರಿಯಲ್ಲ. 1387ರಲ್ಲಿ, ಹದಿಹರೆಯದಲ್ಲೇ, ಹಂಗೆರಿಯ ವಶದಲ್ಲಿದ್ದ ಲ್ವೀವ್ ಪ್ರಾಂತ್ಯವನ್ನು ಪೋಲೆಂಡಿಗೆ ಮರಳಿ ಸೇರಿಸಿದ ದಂಡಯಾತ್ರೆಯ ನಾಯಕತ್ವ ಆಕೆಯದು. ಕಾಸಿಮಿರ್ 1364ರಲ್ಲಿ ಸ್ಥಾಪಿಸಿ, ಬಳಿಕ ಸೊರಗಿದ್ದ ಕ್ರಾಕೋವ್ ವಿದ್ಯಾಪೀಠದಲ್ಲಿ ಧರ್ಮಶಾಸ್ತ್ರ ವಿಭಾಗಕ್ಕೆ 1397ರಲ್ಲಿ ಪೋಪರ ಅನುಮತಿ ದೊರಕಿದ್ದೂ ಆಕೆಯ ಪ್ರಯತ್ನದಿಂದಲೇ.

1399ರ ಜೂನ್‌ನಲ್ಲಿ ಹುಟ್ಟಿದ ಏಕೈಕ ಮಗಳು ಜುಲೈ 13ರಂದು ತೀರಿಕೊಂಡಳು, ತಾಯಿ, 17ರಂದು. ವಿಧುರ ಯೊಗೈಲ 1402ರಲ್ಲಿ ಕಾಸಿಮಿರನ ಮೊಮ್ಮಗಳನ್ನೇ ವರಿಸಿ ಹಳೆಯ ರಾಜವಂಶದ ನಂಟನ್ನು ಉಳಿಸಿಕೊಂಡ. ವಂಶವನ್ನು ಮುಂದುವರಿಸಿದ ಪುತ್ರರು ಹುಟ್ಟಿದ್ದು ನಾಲ್ಕನೆಯ ಪತ್ನಿ ಸೋಫಿಯಾಳಲ್ಲಿ.

ಯಾದ್ವಿಗಾ ತನ್ನ ಒಡವೆಗಳನ್ನು ವಿದ್ಯಾಪೀಠಕ್ಕೆ ಬಿಟ್ಟುಹೋಗಿದ್ದಳು. ಆ ಹಣದ ಬಲದಿಂದ 1400ರಲ್ಲಿ ಪುನರುಜ್ಜೀವನಗೊಂಡ ಆ ಸಂಸ್ಥೆಗೆ ಇಂದು ಯಾಗೆಲ್ಲೋನಿಯನ್ ವಿಶ್ವವಿದ್ಯಾಲಯವೆಂಬ, ಗಂಡನ ವಂಶದ ಹೆಸರಿದೆ. ಅಲ್ಲಿಯೇ ಓದಿದ್ದ ಪೋಪ್ ಎರಡನೆಯ ಜಾನ್ ಪಾಲ್ 1997ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಿದರು. 1949ರಲ್ಲಿ ಸಮಾಧಿಯನ್ನು ತೆರೆದಾಗ ಆಕೆಯ ಪಕ್ಕದಲ್ಲಿ ದೊರೆತ ರಾಜದಂಡ ಮರದ್ದಾಗಿತ್ತು.