ಮಾತೃಶಿರೋಮಣಿ ಸಂತ ಮೋನಿಕಾ

ಲೋಕದಲ್ಲಿ ಮಹಾಪುರುಷರ ಚರಿತ್ರೆಗಳನ್ನು ಓದುವವರು ಅವರ ವಿದ್ಯೆಯನ್ನೂ ಪದವಿಯನ್ನೂ ಕೀರ್ತಿಯನ್ನೂ ಕಂಡು ಬೆರಗಾಗುವರು. ಅವರನ್ನು ಹೆತ್ತು, ಸಾಕಿ, ತಿದ್ದಿ ಬೆಳೆಯಿಸಿದ ತಾಯಂದಿರನ್ನು ನೆನೆಯುವವರು ವಿರಳ. ಹೀಗಿರುವಲ್ಲಿ, ಹದಿನಾರು ಶತಮಾನಗಳಿಗೂ ಹಿಂದೆ ಆಫ್ರಿಕ ಖಂಡದ ಒಂದು ಚಿಕ್ಕ ಪಟ್ಟಣದಲ್ಲಿ ಜನಿಸಿ, ರಾಣಿಯೂ ಆಗದೆ ಪಂಡಿತೆಯೂ ಆಗದೆ, ಗೃಹಿಣಿಯಾಗಿ, ತಾಯಿಯಾಗಿ, ಅಜ್ಜಿಯಾಗಿ ಬಾಳಿ ಗತಿಸಿದ ಒಬ್ಬಾಕೆಯ ಹೆಸರು ಇಂದಿಗೂ ಭಕ್ತರ ನಾಲಗೆಯ ಮೇಲಿರುವುದು ಸಾಮಾನ್ಯ ಸಂಗತಿಯಲ್ಲ. ಆಕೆಯೇ ಸಂತ ಅಗಸ್ಟೀನರ ತಾಯಿಯಾದ ಸಂತ ಮೋನಿಕಾ. ಈ ಶಾಲೆಯಲ್ಲಿ ಓದಿ ಇಂದು ತಾಯಂದಿರೂ ಅಜ್ಜಿಯರೂ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ, ತಮ್ಮ ಹೆಣ್ಣುಮಕ್ಕಳನ್ನು ಇಲ್ಲಿಗೆ ಕಳುಹಿಸುತ್ತಿರುವ ತಂದೆತಾಯಿಗಳಿಗೂ ಈ ಸಾಧ್ವಿಯ ಚರಿತ್ರೆ ಪ್ರಿಯವಾದೀತೆಂದು ನಂಬಿ, ಅದನ್ನು ಸಂಕ್ಷೇಪವಾಗಿ ನಿರೂಪಿಸಲುದ್ಯುಕ್ತರಾಗಿರುವೆವು. ಆಕೆ ತನ್ನ ಕೈಯಿಂದ ಬರೆದಿಟ್ಟುದು ಒಂದು ಸಾಲೂ ಉಳಿದಿಲ್ಲ. ನಾವು ಬಲ್ಲುದೆಲ್ಲ ಬಹುಮಟ್ಟಿಗೆ ಆಕೆಯ ಮಗನು 397ನೆಯ ಇಸವಿಯ ಸುಮಾರಿಗೆ ಬರೆಯತೊಡಗಿದ ಆತ್ಮಚರಿತ್ರೆಯಿಂದಲೂ ಅವನ ಇತರ ಗ್ರಂಥಗಳಿಂದಲೂ ತಿಳಿದುಬಂದುದು.

ಮೋನಿಕಾ ಹುಟ್ಟಿದುದು ಸುಮಾರು 331ರಲ್ಲಿ. ಆಕೆಯ ಊರು ಆಗಿನ ರೋಮ್ ಸಾಮ್ರಾಜ್ಯಕ್ಕೆ ಸೇರಿದ್ದ ತಗಾಸ್ತೆ. ಈಗ ಅದು ಅಲ್ಜೀರಿಯ ದೇಶದ ಸೂಕ್ ಅಹ್ರಾಸ್ ಎಂಬ ಪಟ್ಟಣ. ತಂದೆತಾಯಿಗಳು ಕ್ರೈಸ್ತರು. ಆ ಮನೆಯ ಹೆಣ್ಣುಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ಒಬ್ಬ ವೃದ್ಧ ದಾಸಿ. ಮೋನಿಕೆಯ ತಂದೆಯನ್ನೇ ಶಿಶುವಾಗಿದ್ದಾಗ ಬೆನ್ನಮೇಲೆ ಹೊತ್ತು ಆಡಿಸಿದ್ದ ಆ ಮುದುಕಿಗೆ ಮನೆಯಲ್ಲಿ ವಿಶೇಷ ಗೌರವವಿತ್ತು. ಊಟದ ಹೊತ್ತಿನ ಹೊರತು ಮಕ್ಕಳು ನೀರನ್ನೂ ಕುಡಿಯಬಾರದೆಂಬುದು ಆಕೆಯ ಕಟ್ಟಳೆ. ಇಂದು ನೀರಿನಲ್ಲಿ ಹಿಡಿತವಿಲ್ಲದವರು ನಾಳೆ ಮನೆಯೊಡತಿಯರಾಗಿ ಉಗ್ರಾಣದ ಬೀಗದ ಕೈ ಸಿಕ್ಕಿದಾಗ ದ್ರಾಕ್ಷಾರಸದಲ್ಲಿಯೂ ಹಿಡಿತವಿಲ್ಲದವರಾಗುವರೆಂದು ಆಕೆ ಎಣಿಸಿದ್ದಳು.

ಆದರೇನು? ಇಷ್ಟು ಕಾವಲಿದ್ದರೂ ಬಾಲಕಿ ಎಡವಿದಳು. ಪೀಪಾಯಿಯಿಂದ ದ್ರಾಕ್ಷಾರಸವನ್ನು ತರಲು ಹಿರಿಯರು ಕಳುಹಿಸಿದಾಗ, ಮೊದಲು ತುಂಟತನದಿಂದ ತುಟಿಗೆ ತಾಗುವಷ್ಟು ಮಾತ್ರವೇ ಸವಿದಳು. ದಿನದಿನಕ್ಕೆ ಅದು ಹೆಚ್ಚುತ್ತ ಬಂದು ಬಟ್ಟಲು ತುಂಬ ಕುಡಿಯುವ ಚಟವಾಯಿತು. ಒಂದು ದಿನ ಜತೆಯಲ್ಲಿ ಹೋಗುತ್ತಿದ್ದ ದಾಸಿಯೊಬ್ಬಳು ಜಗಳವಾಡಿ, ಕುಡುಕಿಯೆಂದು ಹಂಗಿಸಿದಳು. ಆ ಮಾತು ಮುಳ್ಳಿನಂತೆ ನಾಟಿತು. ಹೇಳಿದವಳು ದಾಸಿಯೆಂದು ಬಾಲಕಿ ಸಿಟ್ಟಾಗಲಿಲ್ಲ; ಮಾತು ನಿಜವೆಂದು ಕಂಡು ಅಂದಿನಿಂದಲೇ ಆ ಚಟವನ್ನು ಬಿಟ್ಟುಬಿಟ್ಟಳು. ಹುಟ್ಟುವಾಗಲೇ ಯಾರೂ ಸಂತರಾಗಿ ಹುಟ್ಟುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಯುಕ್ತ ವಯಸ್ಸು ಬಂದಾಗ ಆಕೆಯನ್ನು ಪತ್ರೀಸಿಯಸ್ ಎಂಬವನಿಗೆ ಮದುವೆಮಾಡಿಕೊಟ್ಟರು. ಆತನು ಊರಿನ ಪೌರಸಭೆಯ ಸದಸ್ಯ, ಸ್ವಲ್ಪ ಭೂಮಿಕಾಣಿಯುಳ್ಳವನು. ಸ್ವಭಾವದಲ್ಲಿ ಔದಾರ್ಯವಿದ್ದರೂ ಮುಂಗೋಪಿ, ಕ್ರೈಸ್ತನಲ್ಲ, ಪತ್ನಿಗೆ ನಿಷ್ಠನೂ ಅಲ್ಲ. ಮೋನಿಕಾ ಆತನ ಕೋಪದ ಸಮಯದಲ್ಲಿ ಎದುರಾಡದೆ, ಅವನು ಶಾಂತನಾದ ಮೇಲೆ ತನ್ನ ನಡತೆಯ ಕಾರಣವನ್ನು ತಿಳಿಯಹೇಳುತ್ತಿದ್ದಳು. ನೆರೆಹೊರೆಯ ಹೆಂಗಸರು ಗಂಡಂದಿರ ಪೆಟ್ಟಿನ ಗುರುತುಗಳನ್ನು ಮುಖದ ಮೇಲೆ ಹೊತ್ತು ಬರುತ್ತಿದ್ದ ಆ ಕಾಲದಲ್ಲಿ, ಪತ್ರೀಸಿಯಸನು ಹೆಂಡತಿಯ ಮೇಲೆ ಕೈಯೆತ್ತಿದನೆಂದು ಯಾರೂ ಕೇಳಲಿಲ್ಲ. ಇಲ್ಲಿ ನಾವು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಅಂದಿನ ಪದ್ಧತಿಯಲ್ಲಿ ಹೆಂಡತಿಗೆ ಮೊರೆಯಿಡಲು ಬೇರೆ ಸ್ಥಳವಿರಲಿಲ್ಲ. ಆಕೆ ತನಗಿದ್ದ ಒಂದೇ ಆಯುಧವನ್ನು ಜಾಣ್ಮೆಯಿಂದ ಬಳಸಿದಳು. ಆಕೆಯ ತಾಳ್ಮೆಯನ್ನು ಕೊಂಡಾಡುವ ನೆಪದಿಂದ ಯಾವ ಮನೆಯಲ್ಲಿಯೂ ಹೆಣ್ಣುಮಗಳ ಮೇಲಣ ಕ್ರೌರ್ಯವನ್ನು ಧರ್ಮವೆಂದು ಸಾಧಿಸಬಾರದು.

ಅತ್ತೆಯ ಕಾಟವೂ ಆಕೆಗೆ ತಪ್ಪಲಿಲ್ಲ. ಮನೆಯ ದಾಸಿಯರು ಚಾಡಿ ಹೇಳಿ ಅತ್ತೆಯ ಮನಸ್ಸನ್ನು ಕೆಡಿಸಿದ್ದರು. ಸೊಸೆಯಾದರೋ ವಿನಯವನ್ನೂ ಸೇವೆಯನ್ನೂ ಬಿಡದೆ ನಡೆದುಕೊಂಡುದರಿಂದ, ಕೊನೆಗೆ ಅತ್ತೆಯೇ ಆ ಚಾಡಿಯ ಸಂಗತಿಯನ್ನು ಮಗನಿಗೆ ತಿಳಿಸಿ ನಿಲ್ಲಿಸಿದಳು. ಅಲ್ಲಿಂದ ಮುಂದೆ ಅತ್ತೆಸೊಸೆಯರು ಅನ್ಯೋನ್ಯವಾಗಿದ್ದರು. ಇಬ್ಬರು ಹೆಂಗಸರು ಜಗಳವಾಡಿ ಒಬ್ಬರ ಮೇಲೊಬ್ಬರು ಆಕೆಯ ಬಳಿ ದೂರಿದರೆ, ಅವರನ್ನು ಕೂಡಿಸಲು ತಕ್ಕ ಮಾತುಗಳನ್ನಷ್ಟೇ ಆಕೆ ಅತ್ತಿತ್ತ ಮುಟ್ಟಿಸುವಳು. ಉಳಿದುದು ಆಕೆಯ ಹೊಟ್ಟೆಯಲ್ಲಿಯೇ ಉಳಿಯುವುದು. ಪತ್ರೀಸಿಯಸನೂ ಕಡೆಗಾಲದಲ್ಲಿ ಕ್ರಿಸ್ತನ ಮತವನ್ನಂಗೀಕರಿಸಿ ಜ್ಞಾನಸ್ನಾನ ಹೊಂದಿ, 371ರ ಸುಮಾರಿಗೆ ತೀರಿಕೊಂಡನು.

ಈ ದಂಪತಿಗಳಿಗೆ ಮೂವರು ಮಕ್ಕಳಿದ್ದರೆಂದು ತಿಳಿದುಬರುತ್ತದೆ: ಅಗಸ್ಟೀನ, ನವಿಗಿಯಸ್, ಮತ್ತು ಒಬ್ಬ ಮಗಳು. ಮಗಳು ವಿಧವೆಯಾದ ಮೇಲೆ ಕನ್ಯಾಮಠವೊಂದರ ಮೇಲ್ವಿಚಾರಕಿಯಾದಳು. ಅಗಸ್ಟೀನನು ಹುಟ್ಟಿದುದು 354ನೆಯ ನವೆಂಬರ್ 13ರಂದು. ಅಸಾಧಾರಣ ಬುದ್ಧಿಶಾಲಿ. ತಂದೆ ತನ್ನ ಶಕ್ತಿಮೀರಿ ಹಣ ವೆಚ್ಚಮಾಡಿ ಅವನನ್ನು ಓದಿಸಿದನು. ತಂದೆ ಸತ್ತ ಮೇಲೆ ತಾಯಿಯು ಆ ಭಾರವನ್ನು ಹೊತ್ತಳು. ಆದರೆ ಕಾರ್ಥೇಜ್ ನಗರದಲ್ಲಿ ಓದುತ್ತಿದ್ದ ಮಗನು ಒಬ್ಬ ಸ್ತ್ರೀಯೊಡನೆ ವಿವಾಹವಿಲ್ಲದೆ ಸಂಸಾರ ಹೂಡಿದನು. 372ರ ಸುಮಾರಿಗೆ ಅವರಿಗೆ ಒಂದು ಗಂಡುಮಗುವಾಯಿತು. ಆ ಮಗುವಿಗೆ ಆದಿಯೋದಾತನೆಂದು ಹೆಸರಿಟ್ಟರು. ನಮ್ಮ ನುಡಿಯಲ್ಲಿ ದೇವದತ್ತನೆಂದೇ ಅದರರ್ಥ. ಮೋನಿಕಾ ಅಜ್ಜಿಯಾದುದು ಹೀಗೆ.

ಇದಕ್ಕಿಂತಲೂ ತಾಯಿಯ ಎದೆಯನ್ನು ಸೀಳಿದುದು ಮಗನ ಮತಭ್ರಂಶ. ಒಳಿತಿಗೊಬ್ಬ ದೇವರು, ಕೆಡುಕಿಗೊಂದು ಸಮಾನವಾದ ಶಕ್ತಿಯೆಂದು ಬೋಧಿಸುತ್ತಿದ್ದ ಮಾನಿಯ ಪಂಥವನ್ನು ಅವನು ಸೇರಿ, ಸುಮಾರು ಒಂಬತ್ತು ವರ್ಷ ಅದರಲ್ಲಿದ್ದನು. ತಾಯಿ ಮೊದಲು ಅವನೊಡನೆ ಒಂದೇ ಮನೆಯಲ್ಲಿರಲಿಕ್ಕೂ ಒಂದೇ ಪಂಕ್ತಿಯಲ್ಲಿ ಉಣ್ಣಲಿಕ್ಕೂ ಒಪ್ಪಲಿಲ್ಲ. ಆಮೇಲೆ ಆಕೆಗೊಂದು ಕನಸಾಯಿತು. ತಾನು ಒಂದು ಮರದ ಅಳತೆಪಟ್ಟಿಯ ಮೇಲೆ ಅಳುತ್ತ ನಿಂತಿರುವಾಗ, ತೇಜಸ್ವಿಯಾದ ಯುವಕನೊಬ್ಬನು ಬಂದು, ಆಕೆ ಇರುವಲ್ಲಿಯೇ ಮಗನೂ ಇರುವುದನ್ನು ನೋಡೆಂದನಂತೆ. ತಿರುಗಿ ನೋಡಿದರೆ ಮಗನು ಪಕ್ಕದಲ್ಲಿಯೇ ನಿಂತಿದ್ದನು. ತಾಯಿಯೇ ಮುಂದೆ ತನ್ನ ಮತಕ್ಕೆ ಬರುವಳೆಂದು ಮಗನು ಆ ಕನಸಿಗೆ ಅರ್ಥಹಚ್ಚಿದಾಗ, ಮಗನಿರುವಲ್ಲಿ ತಾಯಿಯೆಂದು ಆತ ಹೇಳಲಿಲ್ಲ, ತಾಯಿಯಿರುವಲ್ಲಿ ಮಗನೆಂದೇ ಹೇಳಿದನೆಂದು ಆಕೆ ತಡವರಿಸದೆ ಉತ್ತರಕೊಟ್ಟಳು. ಅಂದಿನಿಂದ ಮಗನನ್ನು ಮನೆಗೆ ಸೇರಿಸಿಕೊಂಡಳು. ಬಾಗಿಲು ಮುಚ್ಚಿದರೆ ಮಗನನ್ನು ಗೆಲ್ಲಲಾಗದೆಂಬ ತಿಳಿವು ಆಕೆಗೆ ಬಂದಿತ್ತೆಂದು ತೋರುತ್ತದೆ.

ಆಗ ಆಕೆ ಒಬ್ಬ ಮೇತ್ರಾಣಿಗಳ ಬಳಿಗೆ ಹೋಗಿ, ಮಗನೊಡನೆ ವಾದಿಸಿ ಅವನನ್ನು ತಿದ್ದಬೇಕೆಂದು ಬೇಡಿದಳು. ಬಾಲ್ಯದಲ್ಲಿ ತಾವೇ ಆ ಪಂಥದಲ್ಲಿ ಬೆಳೆದಿದ್ದ ಅವರು, ಈಗ ವಾದದಿಂದ ಫಲವಿಲ್ಲ, ಓದುತ್ತ ಓದುತ್ತ ತಾನೇ ತಿಳಿಯುವನು, ನೀನು ಪ್ರಾರ್ಥಿಸುತ್ತಿರೆಂದು ಹೇಳಿದರು. ಆಕೆ ಅಳುತ್ತ ಮತ್ತೆ ಮತ್ತೆ ಕಾಡಿದಾಗ ಅವರಿಗೆ ಬೇಸರವೇ ಆಯಿತು. ಇಷ್ಟು ಕಣ್ಣೀರಿಗೆ ಪಾತ್ರನಾದ ಮಗನು ನಾಶವಾಗಲಾರನೆಂದು ಹೇಳಿ ಕಳುಹಿಸಿಬಿಟ್ಟರು. ಬೇಸರದಲ್ಲಿ ಬಂದ ಆ ಮಾತನ್ನೇ ಆಕೆ ದೇವವಾಣಿಯಂತೆ ಸೆರಗಿನಲ್ಲಿ ಕಟ್ಟಿಕೊಂಡಳು.

383ರಲ್ಲಿ ಅಗಸ್ಟೀನನು ರೋಮಿಗೆ ಹೊರಟನು. ತಾಯಿ ಕಡಲತೀರದವರೆಗೂ ಬಂದು ಬಿಡಲೊಲ್ಲೆನೆಂದಳು. ಆಕೆಯನ್ನು ಸಂತ ಸಿಪ್ರಿಯನರ ಗುಡಿಯಲ್ಲಿ ರಾತ್ರಿಯಿರುವಂತೆ ಒಡಂಬಡಿಸಿ, ಅವನು ಗುಟ್ಟಾಗಿ ಹಡಗನ್ನೇರಿದನು. ಬೆಳಗಾದಾಗ ತೀರದಲ್ಲಿ ಮಗನೂ ಇಲ್ಲ, ಹಡಗೂ ಇಲ್ಲ! ಆ ತಾಯಿಯ ಗೋಳನ್ನು ವರ್ಣಿಸುವುದು ಹೇಗೆ? ಆದರೂ ಆಕೆ ಮಗನನ್ನು ಕೈಬಿಡಲಿಲ್ಲ. ಅವನು ಮಿಲಾನ್ ನಗರದಲ್ಲಿ ಅಲಂಕಾರಶಾಸ್ತ್ರದ ಅಧ್ಯಾಪಕನಾಗಿದ್ದಾಗ, 385ರಲ್ಲಿ ಸಮುದ್ರವನ್ನು ದಾಟಿ ಅಲ್ಲಿಗೆ ಬಂದಳು. ದಾರಿಯಲ್ಲಿ ಬಿರುಗಾಳಿಯೆದ್ದಾಗ ನಾವಿಕರಿಗೇ ಆಕೆ ಧೈರ್ಯ ಹೇಳಿದಳಂತೆ.

ಮಿಲಾನಿನ ಮೇತ್ರಾಣಿಗಳು ಸಂತ ಅಂಬ್ರೋಸರು. ರಕ್ತಸಾಕ್ಷಿಗಳ ಸಮಾಧಿಗೆ ರೊಟ್ಟಿ, ದ್ರಾಕ್ಷಾರಸಗಳನ್ನೊಯ್ಯುವುದು ಆಫ್ರಿಕದ ವಾಡಿಕೆ. ಅಂಬ್ರೋಸರು ಅದನ್ನು ನಿಷೇಧಿಸಿರುವರೆಂದು ಬಾಗಿಲಿನವನಿಂದ ತಿಳಿದೊಡನೆ ಮೋನಿಕಾ ಮರುಮಾತಿಲ್ಲದೆ ಆ ಪದ್ಧತಿಯನ್ನು ಬಿಟ್ಟಳು. 386ರಲ್ಲಿ ಏರಿಯನ್ ಪಕ್ಷದ ರಾಣಿ ಯುಸ್ತೀನಳು ಅಂಬ್ರೋಸರನ್ನು ಪೀಡಿಸಿದಾಗ, ಜನರು ತಮ್ಮ ಗುರುವಿನೊಡನೆ ಸಾಯಲು ಸಿದ್ಧರಾಗಿ ದೇವಾಲಯದಲ್ಲಿ ಹಗಲಿರುಳು ಕಾದು ಕುಳಿತರು. ಆ ಜಾಗರಣೆಯಲ್ಲಿ ಮೋನಿಕಾ ಮುಂದಾಳಾಗಿದ್ದಳು.

ಈ ನಡುವೆ ನಡೆದ ಒಂದು ಸಂಗತಿಯನ್ನು ಮರೆಮಾಚುವುದು ಸರಿಯಲ್ಲ. ಮಗನಿಗೆ ಶಾಸ್ತ್ರೋಕ್ತವಾದ ವಿವಾಹವಾದರೆ ಜ್ಞಾನಸ್ನಾನಕ್ಕೆ ದಾರಿಯಾಗುವುದೆಂದು ಮೋನಿಕಾ ಬಹಳವಾಗಿ ಯತ್ನಿಸಿ, ವಿವಾಹದ ವಯಸ್ಸಿಗೆ ಇನ್ನೂ ಸುಮಾರು ಎರಡು ವರ್ಷ ಕಡಮೆಯಾಗಿದ್ದ ಕನ್ಯೆಯೊಬ್ಬಳನ್ನು ಗೊತ್ತುಮಾಡಿದಳು. ಅದಕ್ಕೆ ಅಡ್ಡಿಯೆಂದು ಆದಿಯೋದಾತನ ತಾಯಿಯನ್ನು ಆಫ್ರಿಕಕ್ಕೆ ಕಳುಹಿಸಿಬಿಟ್ಟರು. ಆಕೆ ಬೇರೆ ಪುರುಷನನ್ನು ಸೇರೆನೆಂದು ದೇವರಿಗೆ ಹರಕೆಹೊತ್ತು, ಹೆತ್ತ ಮಗನನ್ನು ಬಿಟ್ಟು ಹೊರಟುಹೋದಳು. ಆಕೆಯ ಹೆಸರನ್ನು ಅಗಸ್ಟೀನರು ಎಲ್ಲಿಯೂ ಬರೆದಿಲ್ಲ. ಆ ಅಗಲಿಕೆಯ ಗಾಯ ಮಾತ್ರ ಅವರ ಬರೆಹದಲ್ಲಿ ಮಾಯದೆ ಉಳಿದಿದೆ. ಗೊತ್ತಾದ ಮದುವೆಯೂ ನಡೆಯಲಿಲ್ಲ. ಒಬ್ಬ ತಾಯಿಯ ಕಣ್ಣೀರನ್ನು ಕೊಂಡಾಡುವ ನಾವು ಮತ್ತೊಬ್ಬ ತಾಯಿಯ ಕಣ್ಣೀರನ್ನು ಮರೆಯಲಾಗದು. ಸಂತರ ಎಣಿಕೆಗಳೂ ಒಮ್ಮೊಮ್ಮೆ ತಪ್ಪುವುವು. ಅವರ ಪ್ರಾರ್ಥನೆಯನ್ನು ದೇವರು ತನ್ನದೇ ರೀತಿಯಲ್ಲಿ ಸಲ್ಲಿಸುವನು.

ಸಲ್ಲಿಸಿದುದು ಹೀಗೆ: 386ನೆಯ ಬೇಸಗೆಯಲ್ಲಿ, ಮಿಲಾನಿನ ಒಂದು ತೋಟದಲ್ಲಿ ಸಂತ ಪೌಲರ ಪತ್ರವನ್ನು ಓದಿದ ಅಗಸ್ಟೀನನ ಮನಸ್ಸು ಒಮ್ಮೆಲೆ ತಿರುಗಿತು. ಅವನು ಒಳಕ್ಕೆ ಬಂದು ಮೊದಲು ಹೇಳಿದುದು ತಾಯಿಗೆ. ಆ ಶರತ್ಕಾಲದಲ್ಲಿ ಅವರೆಲ್ಲರೂ ಸ್ನೇಹಿತನೊಬ್ಬನ ಹಳ್ಳಿಯ ಮನೆಗೆ ಹೋಗಿದ್ದರು. ಮಗ, ಮೊಮ್ಮಗ, ಶಿಷ್ಯರು, ಬಂಧುಗಳು ಎಲ್ಲರ ಊಟೋಪಚಾರವೂ ಮೋನಿಕೆಯದೇ. ಚರ್ಚೆಯಲ್ಲಿ ಮೈಮರೆತವರನ್ನು ಊಟಕ್ಕೆ ಎಬ್ಬಿಸುವವಳೂ ಆಕೆಯೇ. ಮಗನ ಹುಟ್ಟುಹಬ್ಬದಂದು ಆರಂಭವಾಗಿ ಮೂರು ದಿನ ನಡೆದ ಸಂವಾದದಲ್ಲಿ ಆಕೆಯೂ ಕುಳಿತಳು. ಬಯಸಿದುದೆಲ್ಲ ದೊರೆತವನು ಸುಖಿಯೇ ಎಂಬ ಪ್ರಶ್ನೆಗೆ, ಒಳಿತನ್ನು ಬಯಸಿ ಪಡೆದವನು ಸುಖಿ, ಕೆಡುಕನ್ನು ಬಯಸಿದವನು ಪಡೆದರೂ ದುಃಖಿಯೆಂದು ಆಕೆ ಕೊಟ್ಟ ಉತ್ತರವನ್ನು ಕೇಳಿ ಮಗನು ಬೆರಗಾದನು. ದೇವರು ಯಾರಲ್ಲಿರುವನೆಂದು ಕೇಳಿದಾಗ, ಅಶುದ್ಧಾತ್ಮವಿಲ್ಲದವನಲ್ಲಿ ಎಂದು ಹದಿಹರೆಯದ ಆದಿಯೋದಾತನು ಹೇಳಿದನು. ಎಲ್ಲರ ಉತ್ತರಗಳಲ್ಲಿ ಅಜ್ಜಿಗೆ ಹೆಚ್ಚು ಮೆಚ್ಚಿಕೆಯಾದುದು ಮೊಮ್ಮಗನದೇ. ಇಂಥ ಚರ್ಚೆಯಲ್ಲಿ ಹೆಂಗಸರಿಗೇನು ಸ್ಥಾನವೆಂದು ಆಕೆ ಮತ್ತೊಂದು ದಿನ ಸಂಕೋಚಪಟ್ಟಾಗ, ಪೂರ್ವಕಾಲದಲ್ಲಿಯೂ ಸ್ತ್ರೀಯರು ತತ್ತ್ವವಿಚಾರ ಮಾಡಿದ್ದುಂಟೆಂದೂ, ತಾಯಿಯ ತತ್ತ್ವಜ್ಞಾನವೇ ತನಗೆ ಬಹು ಪ್ರಿಯವೆಂದೂ ಮಗನು ಹೇಳಿದನು. ಹೆಣ್ಣುಮಕ್ಕಳ ವಿದ್ಯೆಗಾಗಿ ನಿಂತಿರುವ ಶಾಲೆಯ ಈ ಸಂಚಿಕೆಯಲ್ಲಿ ಈ ಪ್ರಸಂಗವನ್ನು ನಾವು ಹೆಮ್ಮೆಯಿಂದ ಬರೆಯುತ್ತಿರುವೆವು.

387ನೆಯ ಪಾಸ್ಕ ಹಬ್ಬದ ರಾತ್ರಿ, ಅಂಬ್ರೋಸರ ಕೈಯಿಂದ ಅಗಸ್ಟೀನನೂ ಆದಿಯೋದಾತನೂ ಮಿತ್ರನಾದ ಅಲಿಪಿಯಸನೂ ಜ್ಞಾನಸ್ನಾನ ಹೊಂದಿದರು. ಮಗನೂ ಮೊಮ್ಮಗನೂ ಒಂದೇ ರಾತ್ರಿಯಲ್ಲಿ ಕ್ರಿಸ್ತನವರಾದುದನ್ನು ಕಂಡ ಆ ಮಾತೆಯ ಆನಂದವನ್ನು ತಾಯಂದಿರೇ ಬಲ್ಲರು.

ಸ್ವದೇಶಕ್ಕೆ ಹಿಂದಿರುಗಲು ಅವರು ರೋಮಿನ ರೇವುಪಟ್ಟಣವಾದ ಓಸ್ತಿಯಕ್ಕೆ ಬಂದರು. ಅಲ್ಲಿ ಒಂದು ದಿನ ತಾಯಿಮಕ್ಕಳು ತೋಟದ ಕಡೆಯ ಕಿಟಕಿಯಲ್ಲಿ ನಿಂತು ನಿತ್ಯಜೀವದ ವಿಷಯವಾಗಿ ಮಾತನಾಡುತ್ತ, ಕ್ಷಣಕಾಲ ಲೋಕವನ್ನೇ ಮರೆತರು. ತನ್ನ ಆಸೆ ಈಡೇರಿತು, ಇನ್ನು ತನಗಿಲ್ಲಿ ಕೆಲಸವೇನಿದೆಯೆಂದು ಆಕೆ ಅಂದಳು. ಐದಾರು ದಿನಗಳೊಳಗೇ ಜ್ವರ ಬಂದಿತು. ಗಂಡನ ಪಕ್ಕದಲ್ಲಿ ಸಮಾಧಿಯಾಗಬೇಕೆಂದು ಆಕೆ ಮುಂಚೆ ಬಹಳ ಆಸೆಯಿಟ್ಟುಕೊಂಡಿದ್ದಳು. ಈಗ ನವಿಗಿಯಸನು ಸ್ವದೇಶದ ಮಾತೆತ್ತಿದಾಗ, ದೇಹವನ್ನು ಎಲ್ಲಿಯಾದರೂ ಇಡಿರಿ, ಪ್ರಭುವಿನ ಬಲಿಪೀಠದ ಬಳಿಯಲ್ಲಿ ನನ್ನನ್ನು ನೆನೆಯಿರಿ, ಇಷ್ಟೇ ಸಾಕೆಂದು ಹೇಳಿದಳು. ಒಂಬತ್ತನೆಯ ದಿನ, ತನ್ನ 56ನೆಯ ವಯಸ್ಸಿನಲ್ಲಿ ದೇಹವನ್ನು ಬಿಟ್ಟಳು. ಅಜ್ಜಿಯ ಪ್ರಾಣ ಹೋದೊಡನೆ ಆದಿಯೋದಾತನು ಗೋಳೋ ಎಂದು ಅತ್ತುಬಿಟ್ಟನು. ಹಿರಿಯರೆಲ್ಲರೂ ಅವನನ್ನು ಸುಮ್ಮನಿರಿಸಿದರು. ಅಗಸ್ಟೀನನು ಹಗಲೆಲ್ಲ ದುಃಖವನ್ನು ಬಿಗಿಹಿಡಿದಿದ್ದು, ಒಂದು ನಿದ್ರೆಯ ಬಳಿಕ ಒಬ್ಬನೇ ಇದ್ದಾಗ, ತನಗಾಗಿ ಅಷ್ಟು ವರ್ಷ ಅತ್ತ ತಾಯಿಗಾಗಿ ತಾನೂ ಅತ್ತನು.

ಮೊಮ್ಮಗನು ಆಫ್ರಿಕಕ್ಕೆ ಮರಳಿದ ಮೇಲೆ ಬಹುಕಾಲ ಬದುಕಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಅವನೊಡನೆ ತಂದೆ ನಡೆಸಿದ ಸಂವಾದವೊಂದು ಗ್ರಂಥರೂಪದಲ್ಲಿ ಉಳಿದಿದೆ. ಮಗನು ಹಿಪ್ಪೊ ನಗರದ ಮೇತ್ರಾಣಿಯಾಗಿ, ಶ್ರೀಸಭೆಯ ಮಹಾಪಂಡಿತನಾಗಿ 430ರಲ್ಲಿ ದೈವಾಧೀನನಾದನು. ಮೋನಿಕೆಯ ಅಸ್ಥಿಗಳನ್ನು 1430ರಲ್ಲಿ ಪೋಪ್ ಐದನೆಯ ಮಾರ್ಟಿನರ ಕಾಲದಲ್ಲಿ ರೋಮಿಗೆ ತಂದರು. ಅವು ಅಲ್ಲಿಯ ಸಂತ ಅಗಸ್ಟೀನರ ದೇವಾಲಯದಲ್ಲಿವೆ. 1945ರಲ್ಲಿ ಓಸ್ತಿಯದಲ್ಲಿ ಆಟಕ್ಕೆಂದು ಕಂಬ ನೆಡಲು ನೆಲವನ್ನಗೆಯುತ್ತಿದ್ದ ಹುಡುಗರಿಗೆ ಆಕೆಯ ಸಮಾಧಿಶಾಸನದ ಅಮೃತಶಿಲೆಯ ತುಂಡು ದೊರೆಯಿತು. ಹಿಂದೆ ಮೇ 4ರಂದು ಆಚರಿಸುತ್ತಿದ್ದ ಆಕೆಯ ಹಬ್ಬವನ್ನು 1969ರ ಪಂಚಾಂಗದಲ್ಲಿ ಆಗಸ್ಟ್ 27ಕ್ಕೆ ಮಾರ್ಪಡಿಸಿದರು. ಮರುದಿನವೇ ಮಗನ ಹಬ್ಬ.

ತಾಯಿಯಾದವಳು ಮಕ್ಕಳನ್ನು ಬಲವಂತದಿಂದ ಒಳ್ಳೆಯವರನ್ನಾಗಿ ಮಾಡಲಾರಳು. ಅವರು ಹಿಂದಿರುಗಿ ಬರುವಾಗ ಮನೆಯ ದೀಪ ಆರದಂತೆ ಕಾಯಬಲ್ಲಳು. ಆ ದೀಪವನ್ನು ಮೋನಿಕಾ ಹದಿನೇಳು ವರ್ಷಗಳಷ್ಟು ಕಾಲ ಕಾದಳು. ದೂರ ಹೋದ ಮಕ್ಕಳಿಗಾಗಿ, ಕಂಗೆಟ್ಟ ಮೊಮ್ಮಕ್ಕಳಿಗಾಗಿ ರಾತ್ರಿ ಮಂಡಿಯೂರುವ ತಾಯಂದಿರು ನಮ್ಮಲ್ಲಿಯೂ ಎಷ್ಟೋ ಮಂದಿಯಿರುವರು. ಅವರೆಲ್ಲರೂ ಎದೆಗೆಡದಿರಲಿ, ಆ ಮಹಾಮಾತೆಯ ಬಿನ್ನಹದಿಂದ ಅವರ ಮನೆಗಳಲ್ಲಿ ದೇವರ ಶಾಂತಿ ನೆಲಸಲಿ ಎಂದು ಹಾರೈಸುವೆವು.