ಫ್ರಾಂಕ್ಲಿನ್ ಗಾಳಿಪಟಕ್ಕೆ ನಿಜವಾಗಿಯೂ ಸಿಡಿಲು ಬಡಿದಿತ್ತೇ?

ಕಪ್ಪು ಮೋಡ, ಅದರ ಕೆಳಗೊಂದು ಗಾಳಿಪಟ, ದಾರದ ತುದಿಯಲ್ಲಿ ಬೀಗದ ಕೈ, ಪಕ್ಕದಲ್ಲಿ ಕಣ್ಣರಳಿಸಿ ನಿಂತ ಪುಟ್ಟ ಹುಡುಗ. ಗಾಳಿಪಟಕ್ಕೆ ಸಿಡಿಲು ಬಡಿಯಿತು, ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ಕಂಡುಹಿಡಿದರು ಎಂಬ ಅಡಿಬರಹ ಇರುವ ಇಂಥ ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬಹುದು.

ಈ ಒಂದು ಚಿತ್ರದಲ್ಲಿ ಮೂರು ತಪ್ಪುಗಳಿವೆ. ಗಾಳಿಪಟಕ್ಕೆ ಸಿಡಿಲು ಬಡಿದಿರಲಿಲ್ಲ. ವಿದ್ಯುತ್ತನ್ನು ಮೊದಲು ಕಂಡವರು ಫ್ರಾಂಕ್ಲಿನ್ ಅಲ್ಲ. ಪಕ್ಕದಲ್ಲಿದ್ದವನು ಪುಟ್ಟ ಹುಡುಗನೂ ಅಲ್ಲ. ಇವುಗಳಲ್ಲಿ ಮೊದಲನೆಯದು ಅಪಾಯಕಾರಿ ತಪ್ಪು. ಅದನ್ನು ನಂಬಿ ಯಾರಾದರೂ ಗುಡುಗಿನ ದಿನ ಗಾಳಿಪಟ ಹಾರಿಸಿದರೆ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ಫ್ರಾಂಕ್ಲಿನ್ ಮಾಡಿದ್ದೇನು? ಇದಕ್ಕೆ ಸಿಗುವ ಉತ್ತರ ನಿಮ್ಮ ಮನೆಯ ಫ್ರಿಜ್ಜಿನ ಪ್ಲಗ್‌ನಲ್ಲಿರುವ ಮೂರನೇ ಪಿನ್ನಿನವರೆಗೂ ಬರುತ್ತದೆ. ಅವರ ಬದುಕಿನ ಜೊತೆಜೊತೆಗೇ ಅದನ್ನೂ ನೋಡೋಣ.

ಎರಡೇ ವರ್ಷದ ಶಾಲೆ

ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಅಮೆರಿಕದ ಬಾಸ್ಟನ್ ಊರಿನಲ್ಲಿ. ಆಗ ಅದು ಬ್ರಿಟಿಷರ ವಸಾಹತು. ತಂದೆಗೆ ಸೋಪು, ಮೇಣದ ಬತ್ತಿ ಮಾಡುವ ಕಸುಬು. ಹದಿನೇಳು ಮಕ್ಕಳಲ್ಲಿ ಇವರು ಹದಿನೈದನೆಯವರು. ಅಷ್ಟು ದೊಡ್ಡ ಸಂಸಾರದಲ್ಲಿ ಶಾಲೆಗೆ ದುಡ್ಡು ಎಲ್ಲಿಂದ ಬರಬೇಕು? ಎರಡು ವರ್ಷ ಓದಿದ್ದೇ ಹೆಚ್ಚು. ಹತ್ತನೇ ವಯಸ್ಸಿಗೆ ತಂದೆಯ ಅಂಗಡಿ ಸೇರಿದರು. ಹನ್ನೆರಡಕ್ಕೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ನಿಂತರು. ಅಣ್ಣನ ಜೊತೆ ಹೊಂದಾಣಿಕೆಯಾಗದೆ ಹದಿನೇಳರಲ್ಲಿ ಮನೆ ಬಿಟ್ಟು ಫಿಲಡೆಲ್ಫಿಯಾಕ್ಕೆ ಓಡಿಹೋದರು.

ಅಲ್ಲಿ ಸ್ವಂತ ಮುದ್ರಣಾಲಯ ಕಟ್ಟಿದರು, ಪತ್ರಿಕೆ ನಡೆಸಿದರು, ಪ್ರತಿ ವರ್ಷ ಒಂದು ಪಂಚಾಂಗ ಅಚ್ಚು ಹಾಕಿದರು. ಅದು ಮನೆಮನೆಗೂ ತಲುಪಿತು. 1731ರಲ್ಲಿ ಗೆಳೆಯರೊಂದಿಗೆ ಚಂದಾ ಹಾಕಿ ಗ್ರಂಥಾಲಯ ಆರಂಭಿಸಿದರು. 1748ರಲ್ಲಿ, 42ನೇ ವಯಸ್ಸಿಗೆ, ವ್ಯಾಪಾರವನ್ನು ಪಾಲುದಾರರಿಗೆ ವಹಿಸಿ ಪ್ರಯೋಗಗಳಿಗೆ ಕುಳಿತರು.

ಗಾಜಿನ ಕೊಳವೆಯಿಂದ ಶುರುವಾದ ಹುಚ್ಚು

ವಿದ್ಯುತ್ ಆಗಲೇ ಹೊಸದೇನೂ ಆಗಿರಲಿಲ್ಲ. ಉಜ್ಜಿದ ಅಂಬರ್ ಹುಲ್ಲಿನ ಚೂರನ್ನು ಸೆಳೆಯುತ್ತದೆ ಎಂಬುದು ಪ್ರಾಚೀನ ಗ್ರೀಕರಿಗೇ ತಿಳಿದಿತ್ತು. 1600ರಲ್ಲಿ ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ ಈ ಗುಣ ಬೇರೆ ವಸ್ತುಗಳಲ್ಲೂ ಇದೆಯೆಂದು ತೋರಿಸಿದ್ದರು. 1729ರ ಹೊತ್ತಿಗೆ ಸ್ಟೀಫನ್ ಗ್ರೇ, ವಿದ್ಯುತ್ ಕೆಲವು ವಸ್ತುಗಳ ಮೂಲಕ ಹರಿಯುತ್ತದೆ, ಕೆಲವುಗಳಲ್ಲಿ ಹರಿಯುವುದಿಲ್ಲ ಎಂದು ಕಂಡುಕೊಂಡಿದ್ದರು. ವಾಹಕ, ಅವಾಹಕ ಎಂದು ನಾವು ಶಾಲೆಯಲ್ಲಿ ಓದುವುದು ಇದನ್ನೇ.

1740ರ ದಶಕದಲ್ಲಿ ಲಂಡನ್ನಿನ ಪೀಟರ್ ಕಾಲಿನ್ಸನ್ ಎಂಬುವರು ಫಿಲಡೆಲ್ಫಿಯಾದ ಗ್ರಂಥಾಲಯಕ್ಕೆ ಉಜ್ಜಿ ಪ್ರಯೋಗ ಮಾಡುವ ಒಂದು ಗಾಜಿನ ಕೊಳವೆ ಕಳಿಸಿದರು. ಫ್ರಾಂಕ್ಲಿನ್‌ಗೆ ಅದರ ಹುಚ್ಚು ಹಿಡಿಯಿತು.

ಆ ಪ್ರಯೋಗವನ್ನು ನೀವೂ ಮಾಡಬಹುದು. ಒಣ ಕೂದಲಿಗೆ ಪ್ಲಾಸ್ಟಿಕ್ ಬಾಚಣಿಗೆ ಉಜ್ಜಿ, ಕಾಗದದ ಚೂರುಗಳ ಹತ್ತಿರ ಹಿಡಿಯಿರಿ. ಚೂರುಗಳು ಜಿಗಿದು ಅಂಟಿಕೊಳ್ಳುತ್ತವೆ. ಬಾಚಣಿಗೆಯಲ್ಲಿ ವಿದ್ಯುತ್ ಹುಟ್ಟಿತೇ? ಇಲ್ಲ ಎಂದರು ಫ್ರಾಂಕ್ಲಿನ್. ಉಜ್ಜಿದಾಗ ವಿದ್ಯುತ್ ಹೊಸದಾಗಿ ಹುಟ್ಟುವುದಿಲ್ಲ, ಒಂದು ವಸ್ತುವಿನಿಂದ ಇನ್ನೊಂದಕ್ಕೆ ಸಾಗುತ್ತದೆ ಅಷ್ಟೇ. ಹೆಚ್ಚಾದ ಕಡೆ ಧನ, ಕಡಿಮೆಯಾದ ಕಡೆ ಋಣ. ಒಟ್ಟು ಲೆಕ್ಕ ಬದಲಾಗುವುದಿಲ್ಲ. ವ್ಯಾಪಾರಿಯ ಜಮಾ ಖರ್ಚಿನ ಪುಸ್ತಕದಂಥ ಈ ಯೋಚನೆಯೇ ಇಂದು ವಿದ್ಯುದಾವೇಶ ಸಂರಕ್ಷಣೆಯ ನಿಯಮವಾಗಿ ಪಠ್ಯದಲ್ಲಿದೆ.

ಯಾವುದು ಧನ, ಯಾವುದು ಋಣ ಎಂಬುದನ್ನು ಮಾತ್ರ ಅವರು ಊಹಿಸಬೇಕಾಯಿತು. ಅದು ತಿರುಗುಮುರುಗಾಯಿತು. ತಂತಿಯಲ್ಲಿ ನಿಜವಾಗಿ ಚಲಿಸುವುದು ಋಣ ಆವೇಶದ ಎಲೆಕ್ಟ್ರಾನುಗಳು. ಅವು ಪತ್ತೆಯಾದದ್ದು 1897ರಲ್ಲಿ, ಜೆ. ಜೆ. ಥಾಮ್ಸನ್ ಅವರಿಂದ. ಅಷ್ಟರಲ್ಲಿ ಫ್ರಾಂಕ್ಲಿನ್ ಚಿಹ್ನೆಗಳು ಎಲ್ಲೆಡೆ ರೂಢಿಯಾಗಿದ್ದವು. ಪುಸ್ತಕದಲ್ಲಿ ವಿದ್ಯುತ್ ಪ್ರವಾಹದ ಬಾಣ ಒಂದು ಕಡೆ, ಎಲೆಕ್ಟ್ರಾನುಗಳು ಹೋಗುವುದು ಇನ್ನೊಂದು ಕಡೆ ಇರುವುದು ಇದೇ ಕಾರಣಕ್ಕೆ.

ಟರ್ಕಿ ಕೋಳಿ ಬದುಕಿತು, ವಿಜ್ಞಾನಿ ಬಿದ್ದರು

ಆ ಕಾಲದಲ್ಲಿ ವಿದ್ಯುತ್ತನ್ನು ಕೂಡಿಡಲು ಲೇಡನ್ ಜಾಡಿ ಎಂಬ ಸಾಧನವಿತ್ತು. ಗಾಜಿನ ಜಾಡಿ, ಅದರ ಒಳಗೊಂದು ವಾಹಕ, ಹೊರಗೊಂದು ವಾಹಕ. ಇಂದಿನ ಕೆಪಾಸಿಟರ್‌ಗೆ ಇದೇ ಪೂರ್ವಜ. ನಿಮ್ಮ ಸೀಲಿಂಗ್ ಫ್ಯಾನ್ ನಿಧಾನವಾದಾಗ ಎಲೆಕ್ಟ್ರಿಷಿಯನ್ ಬದಲಿಸುವ ಪುಟ್ಟ ಡಬ್ಬಿ ಇದೆಯಲ್ಲ, ಅದು ಲೇಡನ್ ಜಾಡಿಯ ಮರಿಮಗ. ಇಂಥ ಹಲವು ಜಾಡಿಗಳನ್ನು ಜೋಡಿಸಿ ಫ್ರಾಂಕ್ಲಿನ್ ಅದನ್ನು ಬ್ಯಾಟರಿ ಎಂದು ಕರೆದರು. ಆ ಹೆಸರು ಇಂದಿಗೂ ಉಳಿದಿದೆ.

1750ರ ಡಿಸೆಂಬರಿನಲ್ಲಿ ಎರಡು ದೊಡ್ಡ ಜಾಡಿಗಳ ವಿದ್ಯುತ್ತಿನಿಂದ ಟರ್ಕಿ ಕೋಳಿಯೊಂದನ್ನು ಕೊಲ್ಲಲು ಹೋಗಿ, ಅದನ್ನು ತಮ್ಮ ಮೈಮೇಲೇ ಹರಿಸಿಕೊಂಡರು. ಕೆಲಹೊತ್ತು ಪ್ರಜ್ಞೆಯೇ ಇರಲಿಲ್ಲ. ಹಾಗಾಗಿ ಸುಮಾರು ಒಂದೂವರೆ ವರ್ಷದ ನಂತರ ಮೋಡದ ಕೆಳಗೆ ನಿಂತಾಗ ವಿದ್ಯುತ್ ಏನು ಮಾಡಬಲ್ಲದು ಎಂಬುದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಗಾಳಿಪಟದ ದಿನ ನಡೆದದ್ದೇನು?

ಮಿಂಚು ಎಂದರೆ ದೊಡ್ಡ ವಿದ್ಯುತ್ ಕಿಡಿಯೇ ಇರಬೇಕು ಎಂಬುದು ಫ್ರಾಂಕ್ಲಿನ್ ಅನುಮಾನ. ಎತ್ತರದಲ್ಲಿ ಚೂಪಾದ ಕಬ್ಬಿಣದ ಕಂಬಿ ನಿಲ್ಲಿಸಿ ಇದನ್ನು ಪರೀಕ್ಷಿಸಬಹುದು ಎಂದು ಅವರು ಬರೆದರು. ಆ ಬರಹ ಯುರೋಪಿಗೆ ತಲುಪಿ, 1752ರ ಮೇ 10ರಂದು ಫ್ರಾನ್ಸಿನ ಮಾರ್ಲಿ ಎಂಬ ಹಳ್ಳಿಯಲ್ಲಿ ಪ್ರಯೋಗ ನಡೆದೇಬಿಟ್ಟಿತು. ಸುಮಾರು 40 ಅಡಿಯ ಕಂಬಿಯಿಂದ ಕಿಡಿಗಳು ಬಂದವು. ಅಂದರೆ ಮೋಡದಲ್ಲಿ ವಿದ್ಯುತ್ ಇದೆ ಎಂದು ಮೊದಲು ತೋರಿಸಿದ್ದು ಗಾಳಿಪಟವಲ್ಲ.

ಆ ಸುದ್ದಿ ಅಮೆರಿಕಕ್ಕೆ ಮುಟ್ಟುವ ಮೊದಲೇ, 1752ರ ಜೂನ್‌ನಲ್ಲಿ, ಫ್ರಾಂಕ್ಲಿನ್ ರೇಷ್ಮೆ ಬಟ್ಟೆಯ ಗಾಳಿಪಟ ಹಾರಿಸಿದರು ಎನ್ನಲಾಗುತ್ತದೆ. ಅಕ್ಟೋಬರ್‌ನಲ್ಲಿ ತಮ್ಮ ಪತ್ರಿಕೆಯಲ್ಲಿ ಅವರು ಪ್ರಯೋಗದ ವಿಧಾನ ವಿವರಿಸಿದರು. ಅದು ಫಿಲಡೆಲ್ಫಿಯಾದಲ್ಲಿ ಯಶಸ್ವಿಯಾಗಿದೆ ಎಂದರೇ ಹೊರತು, ತಾವೇ ಮಾಡಿದ್ದೆಂದು ಅಲ್ಲಿ ಬರೆಯಲಿಲ್ಲ. ವಿವರವಾದ ಕತೆ ಬಂದದ್ದು 15 ವರ್ಷಗಳ ನಂತರ, ಜೋಸೆಫ್ ಪ್ರೀಸ್ಟ್ಲಿ ಅವರ ಪುಸ್ತಕದಲ್ಲಿ. ಹಾಗಾಗಿ ಕೆಲವು ಇತಿಹಾಸಕಾರರಿಗೆ ಈ ಪ್ರಯೋಗದ ಬಗ್ಗೆಯೇ ಸಂಶಯವಿದೆ.

ಆ ವಿವರಗಳ ಪ್ರಕಾರ ಗಾಳಿಪಟದ ತುದಿಗೆ ಚೂಪಾದ ತಂತಿ, ಅದಕ್ಕೆ ಸೆಣಬಿನ ದಾರ, ದಾರದ ಕೆಳತುದಿಗೆ ಬೀಗದ ಕೈ. ಕೈಯಲ್ಲಿ ಹಿಡಿಯಲು ಬೇರೆಯದೇ ರೇಷ್ಮೆ ಪಟ್ಟಿ. ಆ ಪಟ್ಟಿ ಒದ್ದೆಯಾಗದಂತೆ ಸೂರಿನಡಿ ನಿಲ್ಲಬೇಕು. ಒದ್ದೆ ಸೆಣಬು ವಾಹಕ, ಒಣ ರೇಷ್ಮೆ ಅವಾಹಕ. ಮೋಡದ ಆವೇಶದ ಪ್ರಭಾವಕ್ಕೆ ದಾರದ ಎಳೆಗಳು ನೆಟ್ಟಗೆ ನಿಂತವು. ಬೀಗದ ಕೈಯ ಹತ್ತಿರ ಬೆರಳಿನ ಗೆಣ್ಣು ತಂದಾಗ ಕಿಡಿ ಹಾರಿತು. ಆಗಿದ್ದು ಇಷ್ಟೇ. ನಿಜವಾದ ಸಿಡಿಲು ಬಡಿದಿದ್ದರೆ ಆ ರೇಷ್ಮೆ ಪಟ್ಟಿ ಅವರನ್ನು ಉಳಿಸುತ್ತಿರಲಿಲ್ಲ.

ಪಕ್ಕದಲ್ಲಿದ್ದ ಮಗ ವಿಲಿಯಂಗೆ ಆಗ ಸುಮಾರು 21 ವರ್ಷ. ಚಿತ್ರಕಾರರು ಅವನನ್ನು ಬಾಲಕನನ್ನಾಗಿ ಮಾಡಿದರು.

ಇದು ಆಟವಲ್ಲ ಎಂಬುದಕ್ಕೆ ಮರುವರ್ಷವೇ ಸಾಕ್ಷಿ ಸಿಕ್ಕಿತು. 1753ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗಿಯೋರ್ಗ್ ರಿಖ್‌ಮನ್ ಎಂಬ ವಿಜ್ಞಾನಿ ಛಾವಣಿಯ ಕಂಬಿಯಿಂದ ಮನೆಯೊಳಗೆ ತಂತಿ ಎಳೆದು ಮಿಂಚಿನ ವಿದ್ಯುತ್ತನ್ನು ಅಳೆಯುತ್ತಿದ್ದರು. ಆ ತಂತಿಗೆ ನೆಲದ ಸಂಪರ್ಕ ಇರಲಿಲ್ಲ. ಸಿಡಿಲು ಬಡಿದಾಗ ನೆಲಕ್ಕೆ ಹೋಗಲು ಅದಕ್ಕೆ ಸಿಕ್ಕ ದಾರಿ ರಿಖ್‌ಮನ್ ಅವರ ದೇಹ. ಅವರು ಅಲ್ಲೇ ತೀರಿಕೊಂಡರು.

ಸಿಡಿಲಿಗೊಂದು ದಾರಿ

ಫ್ರಾಂಕ್ಲಿನ್ ಅವರ ದೊಡ್ಡ ಕೊಡುಗೆ ಇಲ್ಲಿದೆ. ಸಿಡಿಲನ್ನು ತಡೆಯಲು ಆಗದು, ಆದರೆ ಸುಲಭದ ದಾರಿ ಮಾಡಿಕೊಟ್ಟರೆ ಅದು ಮನೆಯನ್ನೂ ಮನುಷ್ಯರನ್ನೂ ಬಿಟ್ಟು ನೆಲ ಸೇರುತ್ತದೆ. ತಮ್ಮ 1753ರ ಪಂಚಾಂಗದಲ್ಲಿ ಅವರು ಮಿಂಚುವಾಹಕ ಹಾಕುವ ಕ್ರಮವನ್ನು ಅಚ್ಚು ಹಾಕಿದರು. ಕಂಬಿಯ ಕೆಳತುದಿ ಮೂರು ನಾಲ್ಕು ಅಡಿ ಒದ್ದೆ ನೆಲದೊಳಗಿರಬೇಕು, ಮೇಲ್ತುದಿ ಮನೆಯ ಎತ್ತರಕ್ಕಿಂತ ಆರೆಂಟು ಅಡಿ ಮೇಲಿರಬೇಕು. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟರು. ಚೂಪಾದ ಕಂಬಿ ಮೋಡದ ಆವೇಶವನ್ನೇ ಸದ್ದಿಲ್ಲದೆ ಇಳಿಸಿಬಿಡುತ್ತದೆ ಎಂದೂ ಅವರು ನಂಬಿದ್ದರು. ಅದು ಸರಿಯಲ್ಲ. ಮಿಂಚುವಾಹಕದ ಕೆಲಸ ದಾರಿ ಕೊಡುವುದು ಮಾತ್ರ.

ಆಗ ಯುರೋಪಿನಲ್ಲಿ ಗುಡುಗು ಬಂದರೆ ಚರ್ಚಿನ ಗಂಟೆ ಬಾರಿಸುವ ರೂಢಿ ಇತ್ತು. ಸದ್ದಿಗೆ ಸಿಡಿಲು ದೂರ ಹೋಗುತ್ತದೆಂಬ ನಂಬಿಕೆ. ಊರಿನಲ್ಲೇ ಎತ್ತರದ ಗೋಪುರ, ಕೈಯಲ್ಲಿ ಒದ್ದೆ ಹಗ್ಗ. ಎಷ್ಟೋ ಮಂದಿ ಗಂಟೆ ಬಾರಿಸುವವರೇ ಸತ್ತರು. ನಮ್ಮಲ್ಲಿ ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಿಕೊಳ್ಳುವ ವಾಡಿಕೆ ಇದೆ. ಹೆಸರು ಹೇಳಿಕೊಂಡರೆ ಧೈರ್ಯ ಬರಬಹುದು, ತೊಂದರೆಯೇನಿಲ್ಲ. ಮರದಡಿ ನಿಂತು ಹೇಳಬೇಡಿ, ಮನೆಯೊಳಗೆ ಕುಳಿತು ಹೇಳಿ.

ನಿಮ್ಮ ಮನೆಯ ಮೂರನೇ ಪಿನ್

ಇದೇ ಉಪಾಯ ನಮ್ಮ ಮನೆಯ ಗೋಡೆಯೊಳಗೂ ಇದೆ. ಸಾಕೆಟ್‌ನಲ್ಲಿ ಮೂರು ತೂತುಗಳಿರುತ್ತವೆ. ಫೇಸ್‌ನಿಂದ ಕರೆಂಟ್ ಬರುತ್ತದೆ, ನ್ಯೂಟ್ರಲ್‌ನಲ್ಲಿ ಹಿಂದಿರುಗುತ್ತದೆ. ಮೇಲಿನ ದಪ್ಪ ತೂತು ಅರ್ಥಿಂಗ್. ಅದು ಎಲ್ಲ ಸರಿಯಿದ್ದಾಗ ಸುಮ್ಮನಿರುತ್ತದೆ.

ಇಸ್ತ್ರಿಪೆಟ್ಟಿಗೆಯೊಳಗೆ ಫೇಸ್ ವೈರ್ ಸವೆದು ಲೋಹದ ಮೈಗೆ ತಾಗಿತು ಎನ್ನಿ. ಅರ್ಥಿಂಗ್ ಇದ್ದರೆ ಕರೆಂಟ್ ಆ ವೈರಿನಲ್ಲಿ ಭಾರಿ ಪ್ರಮಾಣದಲ್ಲಿ ಹರಿಯುತ್ತದೆ, ಫ್ಯೂಸ್ ಹೋಗುತ್ತದೆ ಇಲ್ಲವೇ ಎಂಸಿಬಿ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಇಸ್ತ್ರಿಪೆಟ್ಟಿಗೆಯ ಮೈ 230 ವೋಲ್ಟಿನಲ್ಲಿ ಕಾದು ಕುಳಿತಿರುತ್ತದೆ. ಮುಟ್ಟಿದವರೇ ನೆಲಕ್ಕೆ ದಾರಿ. ರಿಖ್‌ಮನ್‌ಗೆ ಆದದ್ದೂ ಇದೇ.

ಮೂರನೇ ಪಿನ್ ಉದ್ದ ಇರುವುದು ಅದು ಮೊದಲು ಸೇರಿ ಕೊನೆಗೆ ಬಿಡಲಿ ಎಂದು. ಅದನ್ನು ಕತ್ತರಿಸಿ ಎರಡು ಪಿನ್ನಿನ ಬೋರ್ಡಿಗೆ ಸಿಕ್ಕಿಸಬೇಡಿ. ಇನ್ನೊಂದು ಮಾತು: ಫ್ಯೂಸ್ ಮತ್ತು ಎಂಸಿಬಿ ಇರುವುದು ವೈರಿಂಗ್ ಸುಡದಿರಲಿ ಎಂದು. ಮನುಷ್ಯರನ್ನು ಉಳಿಸಲು ಆರ್‌ಸಿಸಿಬಿ ಬೇಕು. ಹೋದ ಕರೆಂಟಿಗೂ ಹಿಂದಿರುಗಿದ ಕರೆಂಟಿಗೂ ವ್ಯತ್ಯಾಸ ಬಂದರೆ ಅದು ಕಡಿತಗೊಳಿಸುತ್ತದೆ. ಮನೆಗಳಿಗೆ ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದು ಹಾಕುತ್ತಾರೆ.

ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಹಿಡಿ ಮುಟ್ಟಿದಾಗ ಚುರ್ ಎನ್ನುವ ಕಿಡಿಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ಏನೂ ಆಗುವುದಿಲ್ಲವಲ್ಲ ಎಂದು ಕೇಳಬಹುದು. ಅಲ್ಲಿ ಸೇರಿದ ಆವೇಶ ತೀರಾ ಕಡಿಮೆ, ಕ್ಷಣದಲ್ಲಿ ಮುಗಿಯುತ್ತದೆ. ಮನೆಯ ಕರೆಂಟ್ ಮಾತ್ರ ಸ್ವಿಚ್ ಆರುವವರೆಗೂ ಹರಿಯುತ್ತಲೇ ಇರುತ್ತದೆ.

ಕೊನೆಯ ದಿನಗಳು

ಮುಂದೆ ಫ್ರಾಂಕ್ಲಿನ್ ರಾಜಕೀಯಕ್ಕೆ ಇಳಿದರು. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದರು. ಮಗ ವಿಲಿಯಂ ಬ್ರಿಟಿಷರ ಕಡೆ ನಿಂತದ್ದರಿಂದ ಸಂಬಂಧ ಮುರಿದುಬಿತ್ತು. 1784ರಲ್ಲಿ ಪ್ಯಾರಿಸ್‌ನಲ್ಲಿ ಮೆಸ್ಮರ್ ಎಂಬ ವೈದ್ಯನ ಕಾಂತ ಚಿಕಿತ್ಸೆಯನ್ನು ಪರೀಕ್ಷಿಸಿದ ಸಮಿತಿಯಲ್ಲಿ ಅವರಿದ್ದರು. ರೋಗಿಗಳ ಕಣ್ಣು ಕಟ್ಟಿ ಪರೀಕ್ಷಿಸಿ, ಪರಿಣಾಮವೆಲ್ಲ ಕಲ್ಪನೆಯದು ಎಂದು ಸಮಿತಿ ತೀರ್ಮಾನಿಸಿತು. ಪಾರ್ಶ್ವವಾಯುವಿಗೆ ತಾವೇ ಕೊಟ್ಟಿದ್ದ ವಿದ್ಯುತ್ ಚಿಕಿತ್ಸೆಯಿಂದಲೂ ಶಾಶ್ವತ ಗುಣ ಕಾಣಲಿಲ್ಲವೆಂದು ಫ್ರಾಂಕ್ಲಿನ್ ಮೊದಲೇ ಬರೆದಿದ್ದರು.

ಅವರ ಮನೆಯಲ್ಲಿ ಗುಲಾಮರಿದ್ದರು ಎಂಬುದನ್ನೂ ಮುಚ್ಚಿಡಬಾರದು. ಇಳಿವಯಸ್ಸಿನಲ್ಲಿ ಅವರು ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾದರು, ಅದನ್ನು ಕೊನೆಗಾಣಿಸಲು 1790ರಲ್ಲಿ ಅಮೆರಿಕದ ಸಂಸತ್ತಿಗೆ ಮನವಿ ಕಳಿಸಿದರು. ಅದೇ ವರ್ಷ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ ನಿಧನರಾದರು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ತಕ್ಷಣ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬೇಡಿ.

• ರಬ್ಬರ್ ಚಪ್ಪಲಿ ಸಿಡಿಲಿನಿಂದ ಕಾಪಾಡುವುದಿಲ್ಲ. ಕಿಲೋಮೀಟರ್‌ಗಟ್ಟಲೆ ಗಾಳಿಯನ್ನು ಸೀಳಿ ಬಂದ ಸಿಡಿಲಿಗೆ ಒಂದು ಇಂಚಿನ ರಬ್ಬರ್ ಲೆಕ್ಕಕ್ಕಿಲ್ಲ.

• ಮೊಬೈಲ್ ಸಿಡಿಲನ್ನು ಸೆಳೆಯುವುದಿಲ್ಲ. ಆದರೆ ಗುಡುಗುವಾಗ ಚಾರ್ಜಿಗೆ ಹಾಕಿದ ಮೊಬೈಲ್ ಬಳಸಬೇಡಿ.

• ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಬಹುದು. ಸಗಣಿ, ಮಣ್ಣಿನಲ್ಲಿ ಹೂಳಿ ಸಮಯ ಕಳೆಯಬೇಡಿ. 108ಕ್ಕೆ ಕರೆ ಮಾಡಿ. ಉಸಿರಾಟ ನಿಂತಿದ್ದರೆ ಸಿಪಿಆರ್ ಶುರುಮಾಡಿ.

• ಮನೆಯಲ್ಲಿ ಯಾರಿಗಾದರೂ ಶಾಕ್ ಹೊಡೆದು ವೈರಿಗೆ ಅಂಟಿಕೊಂಡಿದ್ದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ.

ಗಾಳಿಪಟದ ಚಿತ್ರ ಇನ್ನೊಮ್ಮೆ ನಿಮ್ಮ ಗ್ರೂಪಿಗೆ ಬಂದರೆ, ಅದರ ಕೆಳಗೆ ಈ ಐದು ಸಾಲುಗಳನ್ನು ಹಾಕಿ. ಹಾಗೆಯೇ ನಿಮ್ಮ ಮನೆಗೆ ಅರ್ಥಿಂಗ್ ಸರಿಯಿದೆಯೇ ಎಂದು ಈ ವಾರವೇ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ.