ಹೃದಯವನ್ನು ಅಳೆದ ಧರ್ಮಾಧ್ಯಕ್ಷ: ಧನ್ಯ ನಿಕೋಲಾಸ್ ಸ್ಟೆನೊ

ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದ ಸುತ್ತಣ ಬೀದಿಗಳಿಂದ ಹಿಡಿದು ಹಲಸೂರು, ಇಂದಿರಾನಗರ, ಕೃಷ್ಣರಾಜಪುರದವರೆಗೆ, ಯೇಸುಸ್ವಾಮಿಯ ಪವಿತ್ರ ಹೃದಯದ ಪಟವಿಲ್ಲದ ಕಥೋಲಿಕ ಮನೆ ವಿರಳ. ಈ ಭಕ್ತಿಯು ಜಗತ್ತಿಗೆ ಹರಡಲು ಕಾರಣವಾದ ದರ್ಶನಗಳನ್ನು ಫ್ರಾನ್ಸಿನ ಸಂತ ಮಾರ್ಗರೆಟ್ ಮೇರಿಯವರು ೧೬೭೩ರಿಂದ ೧೬೭೫ರ ನಡುವೆ ಪಡೆದರು. ಅದೇ ೧೬೭೫ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಗುರುದೀಕ್ಷೆ ಪಡೆದ ವಿದ್ವಾಂಸರೊಬ್ಬರು, ನಮ್ಮೆಲ್ಲರ ಎದೆಯೊಳಗೆ ಬಡಿಯುವ ಮಾಂಸದ ಹೃದಯವು ಏನೆಂಬುದನ್ನು ಅದಕ್ಕೂ ಹತ್ತು ವರ್ಷ ಮುಂಚೆಯೇ ತೋರಿಸಿಕೊಟ್ಟಿದ್ದರು. ಅವರೇ ಧನ್ಯ ನಿಕೋಲಾಸ್ ಸ್ಟೆನೊ. ನಮ್ಮ ಧರ್ಮಕೇಂದ್ರಗಳಲ್ಲಿ ಅವರ ಹೆಸರು ಅಷ್ಟಾಗಿ ಕೇಳಿಬರದಿರುವುದು ವಿಷಾದದ ಸಂಗತಿಯೆಂದೇ ನಾವು ಭಾವಿಸುತ್ತೇವೆ.

೧೬೩೮ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ, ಲೂಥರನ್ ಪಂಥದ ಅಕ್ಕಸಾಲಿಗರ ಮನೆಯಲ್ಲಿ ಅವರು ಜನಿಸಿದರು. ಹಾಲೆಂಡಿನಲ್ಲಿ ವೈದ್ಯಶಾಸ್ತ್ರ ಕಲಿಯುವಾಗಲೇ, ಬಾಯಿಗೆ ಜೊಲ್ಲುರಸವನ್ನು ತರುವ ನಾಳವನ್ನು ಕಂಡುಹಿಡಿದರು. ಅದು ಇಂದಿಗೂ ಅವರ ಹೆಸರಿನಲ್ಲಿಯೇ ಇದೆ.

ಆ ಕಾಲದ ಪಂಡಿತರಿಗೆ ಹೃದಯವೆಂದರೆ ದೇಹದ ಶಾಖದ ಒಲೆ, ಪ್ರಾಣಶಕ್ತಿಯ ನೆಲೆ. ಅದು ಸ್ನಾಯುವಲ್ಲವೆಂದು ಪ್ರಾಚೀನ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಪ್ರಶ್ನಿಸುವವರು ಕಡಿಮೆ. ಸ್ಟೆನೊರವರು ಎತ್ತಿನ ಹೃದಯವನ್ನು ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ ನೋಡಿದರು. ಕೈಕಾಲುಗಳ ಸ್ನಾಯುವಿನಲ್ಲಿರುವಂಥದೇ ನಾರುಗಳು, ಬೇರೇನೂ ಇಲ್ಲ. ೧೬೬೪ರಲ್ಲಿ ಹೃದಯವೂ ಒಂದು ಸ್ನಾಯುವೆಂದು ಬರೆದರು. ೧೬೬೭ರ ಗ್ರಂಥದಲ್ಲಿ ಸ್ನಾಯುವನ್ನು ರೇಖಾಗಣಿತದ ಆಕೃತಿಯಾಗಿ ಚಿತ್ರಿಸಿ, ನಾರುಗಳು ಮೊಟಕಾದಾಗ ಹೊರಗಿನಿಂದ ಯಾವ ವಸ್ತುವೂ ಸೇರದೆಯೇ ಸ್ನಾಯು ಉಬ್ಬಬಲ್ಲುದೆಂದು ಸಾಧಿಸಿದರು. ಆಗಿನ ಗಣಿತಜ್ಞರಲ್ಲಿ ಕೆಲವರು ಇದನ್ನು ಒಪ್ಪಲಿಲ್ಲ. ಹುಟ್ಟುವ ಮೊದಲೇ ಅಸುನೀಗಿದ್ದ ಶಿಶುವೊಂದರ ಹೃದಯದಲ್ಲಿ ಅವರು ಕಂಡ ದೋಷವನ್ನು ಫ್ರಾನ್ಸಿನ ಫಲ್ಲೊ ಎಂಬ ವೈದ್ಯರು ಮತ್ತೆ ವಿವರಿಸಿದ್ದು ೧೮೮೮ರಲ್ಲಿ!

ಇಂದು ಅಂಗರಚನಾಶಾಸ್ತ್ರಜ್ಞರು ಹೃದಯದ ಕೋಣೆಗಳೊಳಗೆ ಮೊಲೆತೊಟ್ಟಿನಂತೆ ಚಾಚಿಕೊಂಡಿರುವ ಪುಟ್ಟ ಸ್ನಾಯುಗಳ ಉದ್ದಗಲಗಳನ್ನು ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ಎಡ ಕೆಳಕೋಣೆಯಲ್ಲಿ ಸಾಮಾನ್ಯವಾಗಿ ಇವು ಎರಡು ಗುಂಪು, ಬಲದಲ್ಲಿ ಮೂರು. ಇವು ದಾರದಂತಹ ತಂತುಗಳಿಂದ ಕವಾಟಗಳನ್ನು ಬಿಗಿಹಿಡಿದು, ರಕ್ತ ಹಿಂದಕ್ಕೆ ನುಗ್ಗದಂತೆ ಕಾಯುತ್ತವೆ. ಬಡವರ ಮಕ್ಕಳನ್ನು ಹೆಚ್ಚಾಗಿ ಕಾಡುವ ಕೀಲುಜ್ವರದಿಂದ ಕವಾಟ ಕೆಟ್ಟಾಗ, ಅದನ್ನು ಸರಿಪಡಿಸುವ ಶಸ್ತ್ರವೈದ್ಯರಿಗೆ ಈ ಅಳತೆಗಳು ಬೇಕು.

ಅಳೆಯಲು ಹೃದಯ ದೊರೆಯುವುದಾದರೂ ಎಲ್ಲಿಂದ? ತೀರಿಕೊಂಡವರ ದೇಹದಿಂದಲೇ. ಕಂಟೋನ್ಮೆಂಟಿನ ಕುಕ್ ಟೌನ್‌ನಲ್ಲಿ ೧೯೬೩ರಲ್ಲಿ ಆರಂಭವಾಗಿ ಮುಂದೆ ಕೋರಮಂಗಲಕ್ಕೆ ಹೋದ ಸಂತ ಜಾನ್ಸ್ ವೈದ್ಯಕೀಯ ಕಾಲೇಜನ್ನು ಅಭಿಮಾನದಿಂದ ನೆನೆಯುವ ನಮ್ಮ ಕುಟುಂಬಗಳೇ, ದೇಹದಾನದ ಮಾತೆತ್ತಿದರೆ ಹಿಂಜರಿಯುವುದುಂಟು. ಪುನರುತ್ಥಾನಕ್ಕೆ ಅಡ್ಡಿಯಾದೀತೆಂಬ ಅಳುಕು. ೧೯೯೨ರ ಕಥೋಲಿಕ ಧರ್ಮೋಪದೇಶವು ವೈಜ್ಞಾನಿಕ ಸಂಶೋಧನೆಗಾಗಿ ಶವಪರೀಕ್ಷೆಯನ್ನು ನಿಷೇಧಿಸುವುದಿಲ್ಲ. ಮರಣಾನಂತರದ ಅಂಗದಾನವನ್ನು ಪುಣ್ಯಕಾರ್ಯವಾಗಬಲ್ಲುದೆಂದೇ ಕಾಣುತ್ತದೆ.

ಮತ್ತೆ ಸ್ಟೆನೊರವರ ಕಡೆಗೆ. ೧೬೬೬ರಲ್ಲಿ ಇಟಲಿಯ ಲಿವೊರ್ನೊ ಬಂದರಿನಲ್ಲಿ ಪರಮಪ್ರಸಾದದ ಮೆರವಣಿಗೆಯನ್ನು ಕಂಡ ಅವರ ಮನಸ್ಸು ಕಲಕಿತು. ಫ್ಲಾರೆನ್ಸಿನ ಮಠವೊಂದರ ಔಷಧಾಲಯವನ್ನು ನೋಡಿಕೊಳ್ಳುತ್ತಿದ್ದ ಕನ್ಯಾಸ್ತ್ರೀಯೊಂದಿಗಿನ ಸಂಭಾಷಣೆಗಳು ಅವರನ್ನು ಮತ್ತಷ್ಟು ಹತ್ತಿರ ತಂದವು. ಮರುವರ್ಷದ ನವೆಂಬರಿನಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ೧೬೬೯ರಲ್ಲಿ ಭೂಪದರಗಳ ಕುರಿತು ಅವರು ಬರೆದ ಗ್ರಂಥವು ಭೂವಿಜ್ಞಾನಕ್ಕೆ ತಳಹದಿಯಾಯಿತು.

೧೬೭೭ರಲ್ಲಿ ಧರ್ಮಾಧ್ಯಕ್ಷರಾಗಿ ಉತ್ತರ ಯುರೋಪಿಗೆ ತೆರಳಿದ ಮೇಲೆ ವಿಜ್ಞಾನವನ್ನು ಬಹುಮಟ್ಟಿಗೆ ಬಿಟ್ಟರು. ಅದು ನಷ್ಟವೇ ಸರಿ, ಮುಚ್ಚಿಡಲಾಗದು. ಆದರೆ ಬಡವರಿಗಾಗಿ ತಮ್ಮ ಉಂಗುರವನ್ನೂ ಶಿಲುಬೆಯನ್ನೂ ಮಾರಿದವರು ಅವರು. ಮ್ಯೂನ್‌ಸ್ಟರಿನಲ್ಲಿ ಧರ್ಮಾಧ್ಯಕ್ಷರ ಆಯ್ಕೆಯಲ್ಲಿ ಹಣದ ವ್ಯವಹಾರ ನಡೆದಾಗ, ೧೬೮೩ರಲ್ಲಿ ಪ್ರತಿಭಟಿಸಿ ಊರನ್ನೇ ತೊರೆದರು. ೧೬೮೬ರ ಡಿಸೆಂಬರ್ ೫ರಂದು ಜರ್ಮನಿಯ ಶ್ವೆರಿನ್‌ನಲ್ಲಿ, ಕಡುಬಡತನದಲ್ಲಿ, ೪೮ನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು.

ಅವರ ಪಾರ್ಥಿವ ಶರೀರವನ್ನು ಫ್ಲಾರೆನ್ಸಿಗೆ ತಂದು ಸಂತ ಲಾರೆನ್ಸರ ದೇವಾಲಯದಲ್ಲಿ ಇರಿಸಲಾಯಿತು. ೧೯೮೮ರ ಅಕ್ಟೋಬರ್ ೨೩ರಂದು ಪೋಪ್ ಎರಡನೆಯ ಜಾನ್ ಪಾಲ್‌ರವರು ಅವರನ್ನು ಧನ್ಯರೆಂದು ಘೋಷಿಸಿದರು.